ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು

ನಮ್ಮ ಕಾಲೇಜಿಗೆ ಹಳೆ ವಿದ್ಯಾರ್ಥಿಗಳ ನೆನಪಾಗುವುದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಎಂದಾಗ. ಹಳೆ ವಿದ್ಯಾರ್ಥಿ ಸಂಘ ನೋಂದಣಿ ಆಗಿದೆಯೇ, ಅದರಿಂದ ಕಾಲೇಜಿಗೆ ಏನು ಬಂದಿದೆ ಎಂದು ಅವರು ಕೇಳುತ್ತಾರೆ. ಅದಕ್ಕೂ ಅಂಕ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಪ್ರಾಂಶುಪಾಲರು ನನ್ನನ್ನು ಕರೆದು ಗೆದ್ದಲು ತಿಂದ ಒಂದು ರಿಜಿಸ್ಟರ್ ಕೈಗಿಟ್ಟರು. "ಮೇಡಂ, ನೀವು ಕಾಮರ್ಸ್‌ನೋರು, ಇಲ್ಲೇ ಓದಿದೋರು. ಸಂಘದ ಕಾರ್ಯದರ್ಶಿ ಇನ್ಮೇಲೆ ನೀವೇ" ಎಂದರು. ಎರಡೂ ನಿಜವಾಗಿದ್ದರಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ.

ನಮ್ಮದು ಮಲೆನಾಡಿನ ಅಂಚಿನ ತಾಲೂಕು ಊರು. ಅನುದಾನಿತ ಪದವಿ ಕಾಲೇಜು. ಸಂಘ 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಯಾವಾಗಲೋ ನೋಂದಣಿ ಆಗಿತ್ತು. ಕೊನೆಯ ಸಭೆಯ ನಡಾವಳಿ 2011ರದ್ದು. ಬ್ಯಾಂಕಿನಲ್ಲಿ ₹3,140 ಇತ್ತು.

ದುಡ್ಡು ಯಾಕೆ ಬೇಕು ಎಂಬುದನ್ನು ಹೇಳಿಕೊಟ್ಟವರು ಲೈಬ್ರರಿಯ ಅಟೆಂಡರ್ ಅಕ್ಕ. ಒಂದು ದಿನ ಮಧ್ಯಾಹ್ನ ಪುಸ್ತಕ ಕೊಡಲು ಹೋಗಿದ್ದೆ. ಊಟದ ಹೊತ್ತಲ್ಲಿ ಲೈಬ್ರರಿ ತುಂಬಾ ಜನ. "ಪರವಾಗಿಲ್ವೇ, ನಮ್ಮ ಮಕ್ಕಳು ಇಷ್ಟು ಓದ್ತಾರಾ?" ಎಂದೆ. ಅಕ್ಕ ದನಿ ತಗ್ಗಿಸಿ, "ಓದೋಕಲ್ಲ ಮೇಡಂ. ಡಬ್ಬಿ ತಂದಿರಲ್ಲ. ಕ್ಲಾಸಲ್ಲಿ ಕೂತ್ರೆ ಬೇರೆಯವರು ಉಣ್ಣೋದು ನೋಡ್ಬೇಕಲ್ಲ" ಎಂದರು. ಬೆಳಗ್ಗೆ ಏಳರ ಬಸ್ಸಿಗೆ ಹೊರಡುವ ಮಕ್ಕಳು. ಹಿಂದಿನ ರಾತ್ರಿಯ ಅನ್ನ ಉಳಿದಿದ್ದರೆ ತಿಂಡಿ, ಇಲ್ಲದಿದ್ದರೆ ಇಲ್ಲ. ಹನ್ನೆರಡು ವರ್ಷದಿಂದ ಅಲ್ಲಿ ಪಾಠ ಮಾಡುತ್ತಿದ್ದ ನನಗೆ ಇದು ಗೊತ್ತಿರಲಿಲ್ಲ.

ಹಾಗಾಗಿ ಮಧ್ಯಾಹ್ನದ ಊಟ ಎಂದು ನಿಶ್ಚಯವಾಯಿತು. ಲೆಕ್ಕ ಹಾಕಿದೆ. ಊಟಕ್ಕೆ ₹30, ದಿನಕ್ಕೆ 120 ಮಕ್ಕಳು, ವರ್ಷಕ್ಕೆ 180 ದಿನ. ₹6,48,000.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಅಕ್ಟೋಬರ್ 2ರಿಂದ 8ರವರೆಗೆ ದೇಶದ ಹಲವು ಕಡೆ 'ದಾನ ಉತ್ಸವ' ನಡೆಯುತ್ತದೆ, 2009ರಿಂದಲೂ ಇದೆ. ಒಳ್ಳೆಯ ಹೊತ್ತು ಎಂದುಕೊಂಡು ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಉದ್ದನೆಯ ಸಂದೇಶ ಹಾಕಿದೆ. 'ಅನ್ನದಾನಕ್ಕಿಂತ ದೊಡ್ಡ ದಾನವಿಲ್ಲ, ಉದಾರವಾಗಿ ನೆರವಾಗಿ' ಎಂದು ಬರೆದು ಕ್ಯೂಆರ್ ಕೋಡ್ ಅಂಟಿಸಿದೆ. ಗುಂಪಿನಲ್ಲಿ 412 ಜನ. ಕೈಮುಗಿಯುವ ಚಿತ್ರ ಹಾಕಿದವರು 61. ದುಡ್ಡು ಹಾಕಿದವರು 9. ಒಟ್ಟು ₹11,300. ಅದರಲ್ಲಿ ಎರಡು ₹501 ಯಾರವೆಂದೇ ತಿಳಿಯಲಿಲ್ಲ. ಐದನೇ ದಿನ ಗುಂಪಿನಲ್ಲಿ ಯಾರೋ ಅಡಿಕೆ ರೇಟು ಹಾಕಿದರು. ನನ್ನ ಅನ್ನದಾನ ಮೇಲಕ್ಕೆ ಸರಿದು ಕಾಣೆಯಾಯಿತು.

2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಸಣ್ಣ ಸಂಸ್ಥೆಗಳಿಗೆಂದು ದೇಣಿಗೆ ಕೂಡಿಸುವುದರ ಬಗ್ಗೆ ಎರಡು ದಿನದ ತರಬೇತಿ ಇತ್ತು. ಹೋದೆ. ಮೊದಲ ಅರ್ಧ ದಿನ ಏನೂ ತಲೆಗೆ ಹೋಗಲಿಲ್ಲ. ದಾನಿಗಳ ಪಿರಮಿಡ್ಡು, ದಾನಿಯ ಪಯಣ ಎಂದೆಲ್ಲ ಪರದೆ ಮೇಲೆ ಬಂತು. ನಡುವೆ ಒಂದು ಪದ ಮಾತ್ರ ನಗು ತರಿಸಿತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ದೇಣಿಗೆ ಕೂಡಿಸುವವರು 'ಲೈಬಂಟ್' ಅನ್ನುತ್ತಾರಂತೆ. ಹೋದ ವರ್ಷ ಕೊಟ್ಟು ಈ ವರ್ಷ ಕೊಡದವರು. 'ಸೈಬಂಟ್' ಅಂದರೆ ಹಿಂದೆ ಯಾವುದೋ ವರ್ಷ ಕೊಟ್ಟು ಈಗ ಮರೆತವರು. ಹೊಸಬರನ್ನು ಹುಡುಕುವ ಮೊದಲು ಇವರನ್ನು ಮಾತಾಡಿಸಿ ಎಂದರು ತರಬೇತಿ ಕೊಡುತ್ತಿದ್ದ ಮೇಡಂ. ಒಮ್ಮೆ ಕೊಟ್ಟವರು ಬಿಟ್ಟುಹೋಗುವುದಕ್ಕೆ ಸಾಮಾನ್ಯ ಕಾರಣ ಬಡತನವಲ್ಲ, ನಾವು ಅವರಿಗೆ ಏನನ್ನೂ ತಿಳಿಸದೇ ಇರುವುದು ಎಂದರು. ನನಗೆ ಆ ಒಂಬತ್ತು ಜನ ನೆನಪಾದರು. ಅವರಿಗೆ ನಾನು ಒಂದು ರಸೀದಿಯನ್ನೂ ಕಳಿಸಿರಲಿಲ್ಲ.

ಎರಡನೇ ದಿನ ಎದುರು ಕೂತು ಕೇಳುವ ಅಭ್ಯಾಸ. ಇಷ್ಟು ರೂಪಾಯಿ ಬೇಕು ಎಂದು ಮೊತ್ತ ಹೇಳಬೇಕು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಎದುರಿನವರು ಮಾತಾಡುವವರೆಗೆ ಒಂದು ಅಕ್ಷರವೂ ಆಡಬಾರದು. ಕೇಳಲು ಸುಲಭ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಊರಿಗೆ ಬಂದು ಮೊದಲು ಹಿಡಿದದ್ದು ಪಟ್ಟಿ. ಕಾಲೇಜು ಶುರುವಾದ 1968ರಿಂದ ಪ್ರವೇಶದ ರಿಜಿಸ್ಟರುಗಳಿವೆ. ಬಿ.ಕಾಂ. ಕೊನೆಯ ವರ್ಷದ ಆರು ಮಕ್ಕಳು ಬೇಸಿಗೆ ರಜೆಯಲ್ಲಿ ಕೂತು ಎಕ್ಸೆಲ್‌ಗೆ ಹಾಕಿದರು. ಅವರಿಗೆ ದಿನಕ್ಕಿಷ್ಟು ಎಂದು ಕೊಟ್ಟೆವು, ಬಿಟ್ಟಿ ದುಡಿಸಿಕೊಳ್ಳಲಿಲ್ಲ. 3,900 ಹೆಸರು ಸೇರಿದವು. ಫೋನ್ ನಂಬರ್ ಸಿಕ್ಕಿದ್ದು 1,150ಕ್ಕೆ.

ಗಂಡಸರು ಸುಲಭವಾಗಿ ಸಿಕ್ಕರು. ಹೆಸರು ಅದೇ, ಮನೆ ಅದೇ, ಇಲ್ಲವೇ ಊರಲ್ಲಿ ಅಣ್ಣನೋ ಭಾವನೋ ಇರುತ್ತಾರೆ. ಹೆಂಗಸರು ಸಿಗಲೇ ಇಲ್ಲ. ಮದುವೆಯಾಗಿ ಊರು ಬಿಟ್ಟಿದ್ದರು, ಎಷ್ಟೋ ಜನರ ಹೆಸರೂ ಬದಲಾಗಿತ್ತು. ಹಳೆ ವಿದ್ಯಾರ್ಥಿಗಳ ಗುಂಪುಗಳಲ್ಲಿ ಅವರಿರಲಿಲ್ಲ. ಇದ್ದರೂ ಗಂಡನ ಫೋನಿನಲ್ಲಿ ಇದ್ದರು. ನಾನು ತವರುಮನೆಗಳಿಗೆ ಫೋನ್ ಮಾಡತೊಡಗಿದೆ. "ನಮ್ಮ ಹುಡುಗಿ ಕಾಲೇಜಿಗೆ ಹೋಗಿದ್ದು ಇನ್ನೂ ನೆನಪಿದ್ಯಾ ನಿಮಗೆ?" ಎಂದು ಒಬ್ಬ ಅಜ್ಜಿ ಕೇಳಿದರು. ಅವರ ಹುಡುಗಿಗೆ ಈಗ 58 ವರ್ಷ, ಹುಬ್ಬಳ್ಳಿಯಲ್ಲಿ ಹೈಸ್ಕೂಲು ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಿಗೆ ಬಂದಿದ್ದಾರೆ. ಒಂದು ಸಲವೂ ಕಾಲೇಜಿನಿಂದ ಯಾರೂ ಅವರನ್ನು ಕರೆದಿರಲಿಲ್ಲ. ಒಬ್ಬರು ಸಿಕ್ಕರೆ ಅವರ ಬೆಂಚಿನ ನಾಲ್ವರು ಸಿಗುತ್ತಿದ್ದರು. ದೊಡ್ಡ ಮೊತ್ತ ಕೊಟ್ಟವರು ಇವರಲ್ಲ. ಆದರೆ ತಿಂಗಳು ತಪ್ಪದೆ ಕೊಟ್ಟವರು ಇವರೇ ಜಾಸ್ತಿ.

ಕಾಗದಪತ್ರದ ಕತೆಯನ್ನು ಚುಟುಕಾಗಿ ಮುಗಿಸುತ್ತೇನೆ, ಅನುಭವಿಸುವಾಗ ಅದು ಚುಟುಕಾಗಿರಲಿಲ್ಲ. ಬೆಂಗಳೂರಿನವರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ "80ಜಿ ಇದ್ಯಾ?" ಅಂದರೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ. ಇರಲಿಲ್ಲ. ಹನ್ನೊಂದು ವರ್ಷದ ಬಾಕಿ ಲೆಕ್ಕವನ್ನು ನೋಂದಣಿ ಕಚೇರಿಗೆ ಒಪ್ಪಿಸಿ, ದಂಡ ಕಟ್ಟಿ, ಆದಾಯ ತೆರಿಗೆಯವರ 10ಎ ಫಾರಂ ತುಂಬಿ, ಮೂರು ವರ್ಷಕ್ಕೆ ತಾತ್ಕಾಲಿಕ ನೋಂದಣಿ ಪಡೆದೆವು. ಇದಾದ ಮೇಲೆ ಜನರ ತಪ್ಪು ತಿಳಿವಳಿಕೆ ಬಿಡಿಸುವ ಕೆಲಸ. 80ಜಿ ಅಂದರೆ ಕೊಟ್ಟಿದ್ದರಲ್ಲಿ ಅರ್ಧ ವಾಪಸ್ ಬರುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ಹಾಗಲ್ಲ. ₹10,000 ಕೊಟ್ಟರೆ ₹5,000ವನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯುತ್ತಾರೆ. 30% ತೆರಿಗೆ ಕಟ್ಟುವವರಿಗೆ ಉಳಿಯುವುದು ₹1,500ರ ಸುಮಾರು. ₹2,000 ಮೀರಿದ ನಗದಿಗೆ ಅದೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗಂತೂ ಏನೂ ಇಲ್ಲ. ಇದನ್ನು ನಾನೇ ಮುಂದಾಗಿ ಹೇಳುತ್ತಿದ್ದೆ. ಹೇಳಬೇಡಿ ಎಂದರು ಕಮಿಟಿಯಲ್ಲಿ ಒಬ್ಬರು. ಹೇಳಿದ್ದರಿಂದ ಹಿಂದೆ ಸರಿದವರು ಇಬ್ಬರೋ ಮೂವರೋ ಅಷ್ಟೆ.

2023ರ ಜೂನ್‌ನಲ್ಲಿ ನಂದನ್ ನಿಲೇಕಣಿ ಐಐಟಿ ಬಾಂಬೆಗೆ ₹315 ಕೋಟಿ ಕೊಟ್ಟ ಸುದ್ದಿ ಬಂತು. ಅವರು ಆ ಕಾಲೇಜು ಸೇರಿ 50 ವರ್ಷವಾದ ನೆನಪಿಗೆ. ಅದಕ್ಕೆ ಹಿಂದಿನ ವರ್ಷವಷ್ಟೇ ಬೆಂಗಳೂರಿನ ಐಐಎಸ್‌ಸಿಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಆಸ್ಪತ್ರೆ ಕಟ್ಟಲು ₹425 ಕೋಟಿ ಕೊಟ್ಟಿದ್ದರು. ನಮ್ಮ ಸಭೆಯಲ್ಲಿ ಅಂದು ಇದೇ ಮಾತು. "ನಮ್ಮಲ್ಲೂ ಯಾರಾದ್ರೂ ನಿಲೇಕಣಿ ಇರ್ಬೇಕು ನೋಡಿ ಮೇಡಂ. ಪಟ್ಟಿಯಲ್ಲಿ ಹುಡುಕಿ." ಹುಡುಕಿದೆ. ನಮ್ಮ ಪಟ್ಟಿಯಲ್ಲಿದ್ದವರು ಮೇಷ್ಟ್ರುಗಳು, ಬ್ಯಾಂಕಿನವರು, ಸೊಸೈಟಿ ಕಾರ್ಯದರ್ಶಿಗಳು, ಮೂವರು ತಹಸೀಲ್ದಾರರು, ಲೆಕ್ಕವಿಲ್ಲದಷ್ಟು ಎಲ್ಐಸಿ ಏಜೆಂಟರು. ಮತ್ತೆ 1984ರ ಬ್ಯಾಚಿನ ಒಬ್ಬರು, ಬೆಂಗಳೂರಿನಲ್ಲಿ ಎರಡು ದರ್ಶಿನಿ ಹೋಟೆಲ್ ನಡೆಸುವವರು.

ಅವರನ್ನು ನೋಡಲು ಹೋದೆ. ಬೆಳಗಿನ ಗಲಾಟೆ ಮುಗಿದು ಹನ್ನೊಂದರ ಹೊತ್ತು. ಗಲ್ಲಾದ ಪಕ್ಕದ ಸಣ್ಣ ಟೇಬಲ್ಲಿಗೆ ಕೂರಿಸಿ ಕಾಫಿ ತರಿಸಿದರು. ಹಳೆ ಮೇಷ್ಟ್ರುಗಳ ಸುದ್ದಿಯೆಲ್ಲ ಆಯಿತು. ಲೈಬ್ರರಿಯ ವಿಷಯ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ನಾನು ಉಸಿರು ಎಳೆದುಕೊಂಡು, "ಸಾರ್, ನಿಮ್ಮಿಂದ ಒಂದು ಲಕ್ಷ ಆಗಬೇಕು" ಎಂದೆ.

ಅವರು ಸುಮ್ಮನಾದರು. ಎರಡು ಸೆಕೆಂಡ್ ಇರಬಹುದು. ನನಗೆ ಬೆವರಿತು. "ಆಗ್ದಿದ್ರೆ ಐವತ್ತು ಸಾವಿರ ಆದ್ರೂ ಪರವಾಗಿಲ್ಲ ಸಾರ್" ಎಂದುಬಿಟ್ಟೆ.

ಅವರು ಜೋರಾಗಿ ನಕ್ಕರು. "ಮೇಡಂ, ನಾನಿನ್ನೂ ಬಾಯೇ ಬಿಟ್ಟಿಲ್ಲ. ನಿಮ್ಮ ಚೌಕಾಸಿ ನೀವೇ ಮುಗಿಸ್ಕೊಂಡ್ರಲ್ಲ!" ಐವತ್ತು ಸಾವಿರಕ್ಕೆ ಅಲ್ಲೇ ಚೆಕ್ ಬರೆದರು. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತೋ ಎಂದು ವಾಪಸ್ ಬರುವ ಬಸ್ಸಿನಲ್ಲಿ ಆರು ಗಂಟೆ ಯೋಚನೆ ಮಾಡಿದೆ.

ಆದರೆ ಆ ದಿನ ಅವರು ಕೊಟ್ಟದ್ದು ಚೆಕ್ ಒಂದೇ ಅಲ್ಲ. ನನ್ನ ಮೂವತ್ತು ರೂಪಾಯಿಯ ಲೆಕ್ಕ ಕೇಳಿದರು. ಅಕ್ಕಿ, ಬೇಳೆ, ತರಕಾರಿ, ಎಣ್ಣೆ, ಗ್ಯಾಸು ಎಂದೆ. "ಅಡುಗೆಯವರಿಗೆ ಸಂಬಳ?" ಎಂದರು. "ತಾಯಂದಿರು ಸರದಿಯಲ್ಲಿ ಬಂದು ಸೇವೆ ಮಾಡ್ತಾರೆ ಸಾರ್." "ಎಷ್ಟು ದಿನ?" ಉತ್ತರವಿರಲಿಲ್ಲ. "ಪಾತ್ರೆ ತೊಳೆಯೋರು? ಮಿಕ್ಸಿ ಕೆಟ್ರೆ? ಮೇಡಂ, ಸಂಬಳ ಕೊಡದೆ ನಡೆಯೋ ಅಡುಗೆಮನೆ ಮೂರು ತಿಂಗಳಿಗೆ ನಿಲ್ಲುತ್ತೆ. ಇದನ್ನ ಸೇರಿಸಿ ಕೇಳಿ. ಮುಚ್ಚಿಡಬೇಡಿ." ಇಬ್ಬರು ಅಡುಗೆಯವರ ಸಂಬಳ ಸೇರಿಸಿದಾಗ ಊಟಕ್ಕೆ ₹38 ಆಯಿತು. ವರ್ಷಕ್ಕೆ ₹8,20,800. ಸಂಸ್ಥೆಗಳು ಸಂಬಳದ ಖರ್ಚನ್ನು ನಾಚಿಕೆಯಿಂದ ಬಚ್ಚಿಡುತ್ತವೆ, ಕೊಡುವವರೂ "ನನ್ನ ದುಡ್ಡು ಪೂರ್ತಿ ಮಕ್ಕಳಿಗೇ ಹೋಗ್ಬೇಕು" ಎನ್ನುತ್ತಾರೆ. ಅನ್ನ ತಾನಾಗಿ ಬೇಯುತ್ತದೆಯೇ? ನಮ್ಮ ಕರಪತ್ರದಲ್ಲಿ ಸಂಬಳದ ಸಾಲನ್ನು ದೊಡ್ಡಕ್ಷರದಲ್ಲೇ ಹಾಕಿದೆವು.

ಜುಲೈ ಎರಡನೇ ವಾರ ಊಟ ಶುರುವಾಯಿತು. ಯಾರಿಗೆ ಬಿಟ್ಟಿ, ಯಾರಿಗೆ ದುಡ್ಡಿಗೆ ಎಂದು ತಟ್ಟೆ ಮುಂದೆ ಗೊತ್ತಾಗಬಾರದು ಎಂದು ಅಕ್ಕ ಹಟ ಹಿಡಿದರು. ಹಾಗಾಗಿ ಎಲ್ಲರಿಗೂ ಒಂದೇ ಸ್ಟೀಲ್ ಟೋಕನ್. ಆಗುವವರು ಆಫೀಸಿನಲ್ಲಿ ₹20 ಕೊಟ್ಟು ತಗೊಳ್ಳುತ್ತಾರೆ. ಆಗದವರಿಗೆ ಲೈಬ್ರರಿಯಲ್ಲಿ ಪುಸ್ತಕದ ಜೊತೆ ಸಿಗುತ್ತದೆ.

ಆ ತಿಂಗಳು ಟೊಮ್ಯಾಟೊ ಕಿಲೋಗೆ ನೂರು ದಾಟಿತ್ತು, ನೆನಪಿದೆಯಾ? ತಿಂಗಳ ಕೊನೆಗೆ ಕೊಟ್ಟವರಿಗೆಲ್ಲ ಒಂದು ಕಾಗದ ಬರೆದೆ. ಅನ್ನದಾನದ ಮಹಿಮೆ ಬರೆಯುವಷ್ಟು ಹುರುಪು ಉಳಿದಿರಲಿಲ್ಲ. ಇದ್ದದ್ದನ್ನೇ ಬರೆದೆ: 'ಜುಲೈನಲ್ಲಿ 17 ದಿನ, 1,846 ಊಟ. ಟೊಮ್ಯಾಟೊ ಮುಟ್ಟುವ ಹಾಗಿಲ್ಲ, ಸಾರಿಗೆ ಹುಣಸೆಹಣ್ಣು ಹಾಕುತ್ತಿದ್ದೇವೆ. ಎರಡು ದಿನ ಅನ್ನ ಮುದ್ದೆಯಾಯಿತು, ಮಕ್ಕಳು ಬೈದರು. ಬುಧವಾರ ಗುಡುಗು ಮಳೆಗೆ ಬಸ್ಸು ಬರಲಿಲ್ಲ, 40 ಊಟ ಉಳಿಯಿತು, ಹಾಸ್ಟೆಲಿಗೆ ಕಳಿಸಿದೆವು.' ಇಷ್ಟೇ. ದೇಣಿಗೆ ಕೇಳಿರಲಿಲ್ಲ, ಕ್ಯೂಆರ್ ಕೋಡೂ ಇರಲಿಲ್ಲ.

ಆ ಕಾಗದಕ್ಕೆ ಬಂದಷ್ಟು ಉತ್ತರ ನನ್ನ ಯಾವ ಮನವಿಗೂ ಬಂದಿರಲಿಲ್ಲ. ಹುಣಸೆ ಬದಲು ವಾಟೆಪುಡಿ ಹಾಕಿ ಎಂದು ಒಬ್ಬರು. ಅಕ್ಕಿ ಯಾವುದು, ಸೋನಾ ಮಸೂರಿಯಾ, ಅದಕ್ಕೆ ನೀರು ಎಷ್ಟು ಇಡ್ತೀರಾ ಎಂದು ಇನ್ನೊಬ್ಬರು. ಒಬ್ಬರು ತೋಟದಿಂದ ನಾಲ್ಕು ಮೂಟೆ ಬೂದುಗುಂಬಳ ಕಳಿಸಿದರು, ಅದನ್ನು ಖಾಲಿ ಮಾಡುವಷ್ಟರಲ್ಲಿ ಮಕ್ಕಳಿಗೆ ಮಜ್ಜಿಗೆಹುಳಿ ಕಂಡರೆ ಆಗದಂತಾಯಿತು. ಆ ವಾರ ಕೇಳದೆಯೇ ₹38,000 ಬಂತು. ಅಂದಿನಿಂದ ತಿಂಗಳ ಕಾಗದ ನಿಂತಿಲ್ಲ.

ತಿಂಗಳಿಗೆ ₹500 ತಾನಾಗಿ ಕಟ್ ಆಗುವ ಯುಪಿಐ ಆಟೋಪೇ ಮಾಡಿದೆವು. 214 ಜನ ಒಪ್ಪಿದರು. ಇಲ್ಲೊಂದು ತೊಡಕು. ದುಡ್ಡು ಕಟ್ ಆಗುವ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಲೇಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ. ನಿಯಮವೇನೋ ಒಳ್ಳೆಯದೇ. ಆದರೆ ನಮ್ಮ ನಿವೃತ್ತ ಮೇಷ್ಟ್ರು ಒಬ್ಬರು ಪ್ರತಿ ತಿಂಗಳೂ ಆ ಮೆಸೇಜ್ ನೋಡಿ ಹೆದರಿ ಕ್ಯಾನ್ಸಲ್ ಮಾಡಿಬಿಡುತ್ತಿದ್ದರು. "ನಾಳೆ ನಿಮ್ಮ ಖಾತೆಯಿಂದ ಹಣ ಹೋಗುತ್ತೆ ಅಂತ ಬಂತಮ್ಮಾ, ಯಾರೋ ಕಳ್ಳರು." ಮೂರು ಸಲ ಮತ್ತೆ ಹಾಕಿಕೊಟ್ಟೆ. ಕೊನೆಗೆ ವರ್ಷದ ಆರು ಸಾವಿರವನ್ನು ಒಟ್ಟಿಗೇ ಕೊಟ್ಟು, "ಇನ್ನು ಆ ಮೆಸೇಜ್ ಬರ್ದಂಗೆ ಮಾಡು" ಎಂದರು. ವರ್ಷದ ಕೊನೆಗೆ ಉಳಿದದ್ದು 163 ಜನ. ಬಿಟ್ಟವರಲ್ಲಿ ಬೇಕೆಂದು ಬಿಟ್ಟವರು ಕಡಿಮೆ. ಖಾತೆಯಲ್ಲಿ ಅಂದು ದುಡ್ಡಿರಲಿಲ್ಲ, ಫೋನ್ ಬದಲಾಯಿತು, ಇಂಥವೇ. ಒಂದು ಕರೆ ಮಾಡಿದರೆ ಸರಿಹೋಗುವಂಥವು. ಕರೆ ಮಾಡಲು ಜನ ಬೇಕು.

ಆ ಜನ ಸಿಕ್ಕಿದ್ದು ನ್ಯೂಜೆರ್ಸಿಯಿಂದ. 1989ರ ಬ್ಯಾಚಿನವರು, ಅಮೆರಿಕದ ಪೌರರಾಗಿ ಹದಿನೈದು ವರ್ಷ ಕಳೆದಿದೆ. ಎರಡು ಸಾವಿರ ಡಾಲರ್ ಕಳಿಸುತ್ತೇನೆ, ಖಾತೆ ನಂಬರ್ ಕೊಡಿ ಎಂದರು. ನಾನು ಕೊಡಲಾರೆ ಎಂದೆ. ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ ನೋಂದಣಿ ಬೇಕು. ಅದಕ್ಕೆ ಸಂಘ ಮೂರು ವರ್ಷ ಕೆಲಸ ಮಾಡಿ ₹15 ಲಕ್ಷ ಖರ್ಚು ಮಾಡಿರಬೇಕು. ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ಎಲ್ಲೇ ಇದ್ದರೂ ತಮ್ಮ ಉಳಿತಾಯದಿಂದ ಕೊಡಬಹುದು, ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಬದಲಾಗಿದ್ದರೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆ.

ಅವರಿಗೆ ಸಿಟ್ಟು ಬಂತು. "ನಾನು ಆ ಕಾಲೇಜಿನ ಹಿಂದಿನ ಕೆರೇಲಿ ಈಜು ಕಲಿತವನು. ನಾನು ವಿದೇಶೀನಾ?" ಎಂದರು. ಕಾನೂನಿನ ಮುಂದೆ ಹೌದು ಸಾರ್ ಎಂದೆ. ತನ್ನ ಒಡಹುಟ್ಟಿದ ಅಕ್ಕನ ಖಾತೆಗೆ ಹಾಕುತ್ತೇನೆ, ಅವಳು ಕೊಡಲಿ ಎಂದರು. ನಮ್ಮ ಆಡಿಟರ್ ತಲೆ ಅಡ್ಡಡ್ಡ ಆಡಿಸಿದರು. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಾನು, "ದುಡ್ಡು ಬೇಡ, ನಿಮ್ಮ ಶುಕ್ರವಾರ ರಾತ್ರಿ ಕೊಡ್ತೀರಾ?" ಎಂದೆ. ಅಲ್ಲಿ ಶುಕ್ರವಾರ ರಾತ್ರಿ ಅಂದರೆ ನಮಗೆ ಶನಿವಾರ ಬೆಳಗ್ಗೆ. ಜನ ಕಾಫಿ ಕುಡಿದು ಆರಾಮಾಗಿ ಇರುವ ಹೊತ್ತು. ಅವರು ತಮ್ಮ ಬ್ಯಾಚಿನ 23 ಜನರಿಗೆ ಒಬ್ಬೊಬ್ಬರಿಗೇ ಕರೆ ಮಾಡಿದರು. "ನಾನು ಕೊಡೋ ಹಾಗಿಲ್ಲ ಮಾರಾಯ, ನನ್ನ ಪಾಲಿಂದೂ ನೀನೇ ಕೊಡು" ಎಂದು ಜಗಳ ಆಡಿ ಆಡಿ ವಸೂಲಿ ಮಾಡಿದರು. ಆ ಬ್ಯಾಚಿನಿಂದ ಬಂದದ್ದು ಎರಡು ಸಾವಿರ ಡಾಲರಿಗಿಂತ ಹೆಚ್ಚೇ.

ಒಂದು ಕಂಪನಿಯ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗೆಂದು ಎತ್ತಿಡುವ ದುಡ್ಡಿಗೂ ಓಡಾಡಿದೆವು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಪಡೆಯುವ ಸಂಸ್ಥೆ ಸಿಎಸ್‌ಆರ್-1 ಎಂಬ ಫಾರಂ ಸಲ್ಲಿಸಿ ನೋಂದಣಿ ಮಾಡಿಸಿಕೊಂಡಿರಬೇಕು. ಮಾಡಿಸಿದೆವು. ಎಲ್ಲ ಮುಗಿಯುವ ಹೊತ್ತಿಗೆ ಅವರಿಗೆ ಒಂದು ಫೋಟೋ ಬೇಕೆಂದರು. ಮಕ್ಕಳು ಅವರ ಲಾಂಛನದ ಟೀ ಶರ್ಟು ಹಾಕಿಕೊಂಡು ಊಟ ಮಾಡುತ್ತಿರುವುದು. ಮಕ್ಕಳನ್ನು ಕೇಳಿದೆ. ಎರಡನೇ ಬಿ.ಎ. ಹುಡುಗಿ ಒಬ್ಬಳು, "ಮೇಡಂ, ನೀವು ಉಣ್ಣೋವಾಗ ಯಾರಾದ್ರೂ ಫೋಟೋ ತೆಗೆದ್ರೆ ನಿಮಗೆ ಆಗುತ್ತಾ?" ಎಂದಳು. ಆಗಲ್ಲ. ಟೀ ಶರ್ಟಿನ ಮಾತು ಅಲ್ಲಿಗೇ ನಿಂತಿತು, ದುಡ್ಡೂ ನಿಂತಿತು. ಹಂಡೆಯ ಫೋಟೋ ಕೊಡುತ್ತೇವೆ ಎಂದಿದ್ದೆ. ಅವರು ಒಪ್ಪಲಿಲ್ಲ.

ಹೆಸರಿನ ವಿಷಯದಲ್ಲಿ ನಮ್ಮ ಜನ ವಿಚಿತ್ರ. ದೇವಸ್ಥಾನದ ಫ್ಯಾನಿನ ರೆಕ್ಕೆ ಮೇಲೂ ದಾನಿಯ ಹೆಸರು ಬರೆಯಿಸುತ್ತೇವೆ, ತಿರುಗುವಾಗ ಯಾರಿಗೂ ಕಾಣುವುದಿಲ್ಲ. ಇನ್ನೊಂದು ಕಡೆ ಹುಂಡಿಗೆ ಯಾರಿಗೂ ತಿಳಿಯದ ಹಾಗೆ ಮಡಚಿ ಹಾಕುತ್ತೇವೆ. ನಮ್ಮಲ್ಲೂ ಎರಡು ಜಾತಿಯವರೂ ಇದ್ದರು. ಆದರೆ ಕಾಲೇಜಿನ ಸಂಘಕ್ಕೆ ಹುಂಡಿ ಇಡುವುದು ಕಷ್ಟ. ಹೆಸರಿಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ಅದಕ್ಕೆ 30% ತೆರಿಗೆ. 'ಗುಪ್ತದಾನಿ' ಎಂದು ಬೋರ್ಡಿನಲ್ಲಿ ಬರೆಯಬಹುದು, ಪುಸ್ತಕದಲ್ಲಿ ಮಾತ್ರ ಹೆಸರು, ವಿಳಾಸ ಇರಲೇಬೇಕು.

ಈಗ ನನ್ನ ತಪ್ಪು. ನವೆಂಬರ್‌ನಲ್ಲಿ ನಾನು ಬಹಳ ಹುಷಾರಿ ಎಂದುಕೊಂಡು, ಹೋದ ವರ್ಷ ಕೊಟ್ಟ ಎಲ್ಲರಿಗೂ ಹೆಸರು ಹಾಕಿ ತಾನಾಗಿ ಹೋಗುವ ಸಂದೇಶ ಸಿದ್ಧ ಮಾಡಿದೆ. 'ಸಾರ್, ಹೇಗಿದ್ದೀರಿ? ಈ ವರ್ಷವೂ ನಿಮ್ಮ ದಾರಿ ಕಾಯುತ್ತಿದ್ದೇವೆ.' ಮೊದಲು ಕೊಟ್ಟ ಒಂಬತ್ತು ಜನರಲ್ಲಿ ಒಬ್ಬರ ನಂಬರಿನಿಂದ ರಾತ್ರಿ ಉತ್ತರ ಬಂತು. 'ನಾನು ಅವರ ಮನೆಯವರು. ಅವರು ಹೋಗಿ ನಾಲ್ಕು ತಿಂಗಳಾಯಿತು.'

ಆ ರಾತ್ರಿ ಏನು ಬರೆಯಬೇಕೋ ತಿಳಿಯಲಿಲ್ಲ. ಬೆಳಗ್ಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. "ಅವರು ಕೊಟ್ಟಿದ್ದು ನನಗೆ ಗೊತ್ತೇ ಇರ್ಲಿಲ್ಲ. ಎಷ್ಟು ಕೊಟ್ಟಿದ್ರು?" ಎಂದು ಕೇಳಿದರು. ಎರಡು ಸಾವಿರ ಎಂದೆ. "ಅಷ್ಟೇನಾ?" ಎಂದು ಸಣ್ಣಗೆ ನಕ್ಕರು. ಆಮೇಲೆ ಊಟಕ್ಕೆ ಏನೇನು ಮಾಡುತ್ತೀರಿ ಎಂದು ವಿಚಾರಿಸಿದರು. ವರ್ಷಾಂತಿಕದ ದಿನ ಒಂದು ಊಟ ಅವರ ಹೆಸರಲ್ಲಿ ಆಗಬಹುದಾ ಎಂದರು. ದಿನಕ್ಕೆ 120 ಊಟ ಅಂದರೆ ₹4,560. "ಪಾಯಸಕ್ಕೆ ಬೇರೆ ಕೊಡ್ತೀನಿ. ಶಾವಿಗೆ ಬೇಡ, ಅವರಿಗೆ ಆಗ್ತಿರ್ಲಿಲ್ಲ. ಹೆಸರುಬೇಳೆ ಮಾಡಿ." ನನ್ನ ಎಕ್ಸೆಲ್ ಪಟ್ಟಿಯಲ್ಲಿ ಅಂದು 'ಟಿಪ್ಪಣಿ' ಎಂಬ ಕಾಲಂ ಸೇರಿತು. ಮೊದಲ ಸಾಲು: ಶಾವಿಗೆ ಬೇಡ.

'ಒಂದು ದಿನದ ಊಟ' ಹೀಗೆ ಶುರುವಾಯಿತು. ಹುಟ್ಟಿದಹಬ್ಬ, ಮದುವೆ ದಿನ, ತಿಥಿ. ತರಬೇತಿಯ ಪುಸ್ತಕದಲ್ಲಿ ಇದಕ್ಕೊಂದು ದೊಡ್ಡ ಹೆಸರಿದೆ. ಊರಿನ ದೇವಸ್ಥಾನದಲ್ಲಿ ಶಾಶ್ವತ ಪೂಜೆ ಬರೆಸಿದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಶಾಶ್ವತ ಎಂಬ ಮಾತು ಬಂದಾಗ ನಮ್ಮ ಕಾಲೇಜಿನ ದತ್ತಿಗಳನ್ನು ತೆಗೆದು ನೋಡಿದೆ. 1974ರಲ್ಲಿ ಒಬ್ಬರು ತಾಯಿಯ ಹೆಸರಲ್ಲಿ ₹1,000 ಇಟ್ಟಿದ್ದಾರೆ. ಕನ್ನಡದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಅದರ ಬಡ್ಡಿಯಲ್ಲಿ ಬೆಳ್ಳಿ ಪದಕ. ಅಂದು ಬರುತ್ತಿತ್ತು. ಇಂದು ವರ್ಷದ ಬಡ್ಡಿ ಎಪ್ಪತ್ತು ರೂಪಾಯಿಯೂ ಇಲ್ಲ. ಮಕ್ಕಳಿಗೆ ಒಂದು ಪೆನ್ನು ಕೊಡುತ್ತೇವೆ. ಬಡ್ಡಿಯನ್ನೆಲ್ಲ ಖರ್ಚು ಮಾಡಿ ಅಸಲಿಗೆ ಏನೂ ಸೇರಿಸದಿದ್ದರೆ ಶಾಶ್ವತ ಎಷ್ಟು ವರ್ಷ ಬಾಳುತ್ತದೆ ಎಂಬುದಕ್ಕೆ ಆ ಪೆನ್ನು ಸಾಕ್ಷಿ. ಆ ಕುಟುಂಬವನ್ನು ಹುಡುಕಿ ಫೋನ್ ಮಾಡಿದೆ. ಮೊಮ್ಮಗ ಸಿಕ್ಕ. ಅಜ್ಜಿಯ ಹೆಸರಲ್ಲಿ ಪದಕ ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಡಿಸೆಂಬರ್‌ಗೆ ನ್ಯಾಕ್ ತಂಡದ ದಿನ ಗೊತ್ತಾಯಿತು. ಪ್ರಾಂಶುಪಾಲರು ಕರೆದು, "ಊಟದ ಖಾತೇಲಿ ದುಡ್ಡಿದೆಯಲ್ಲ ಮೇಡಂ. ಗೇಟಿಗೆ, ಕಾಂಪೌಂಡಿಗೆ ಬಣ್ಣ ಹೊಡೆಸ್ಬೇಕು. ತೊಂಬತ್ತು ಸಾವಿರ. ಮಾರ್ಚಲ್ಲಿ ವಾಪಸ್ ಹಾಕೋಣ" ಎಂದರು. ಕೆಟ್ಟ ಮನುಷ್ಯರಲ್ಲ. ಬಣ್ಣ ಬೇಕಾಗಿದ್ದೂ ನಿಜ. ನಾನು ತಡವರಿಸುತ್ತಿದ್ದೆ. ಪಕ್ಕದಲ್ಲಿದ್ದ ಇತಿಹಾಸದ ಮೇಷ್ಟ್ರು, "ಸಾರ್, ನಮ್ಮ ಹಳೆ ದಾನಶಾಸನಗಳ ಕೊನೇಲಿ ಏನಿರುತ್ತೆ ಗೊತ್ತಾ?" ಎಂದರು. "ಕೊಟ್ಟಿದ್ದನ್ನ ಕಿತ್ಕೊಂಡವನು, ತಾನೇ ಕೊಟ್ಟಿರ್ಲಿ ಬೇರೆಯವರು ಕೊಟ್ಟಿರ್ಲಿ, ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ತಾನೆ ಅಂತ." ಪ್ರಾಂಶುಪಾಲರು ಒಂದು ಗಳಿಗೆ ಸುಮ್ಮನಿದ್ದು ನಕ್ಕರು. "ನ್ಯಾಕ್‌ಗಿಂತ ಅದೇ ವಾಸಿ ಅನ್ಬೇಡಿ ಮತ್ತೆ." ಬಣ್ಣದ ದುಡ್ಡು ಆಡಳಿತ ಮಂಡಳಿಯಿಂದ ಬಂತು. ಇಂಥ ಕೆಲಸಕ್ಕೆಂದು ಬಂದ ದುಡ್ಡನ್ನು ಅದಕ್ಕೇ ಬಳಸಬೇಕು ಎಂದು ಆಡಿಟರು ನನಗೆ ಅರ್ಧ ಗಂಟೆ ಪಾಠ ಮಾಡಿದ್ದರು. ಹುಳುವಿನ ಮಾತು ಅರ್ಧ ನಿಮಿಷದಲ್ಲಿ ಕೆಲಸ ಮಾಡಿತು.

ಮಾರ್ಚ್ 31ಕ್ಕೆ ಒಟ್ಟು ₹7,46,000 ಸೇರಿತ್ತು. ಉಳಿದದ್ದನ್ನು ಟೋಕನ್ ದುಡ್ಡು ತುಂಬಿತು.

ಮುಗಿಯಿತು ಎಂದುಕೊಂಡರೆ ಮೇ 31 ಕಾದಿತ್ತು. ಯಾರು ಎಷ್ಟು ಕೊಟ್ಟರು ಎಂದು 10ಬಿಡಿ ಎಂಬ ಫಾರಂನಲ್ಲಿ ಅಂದಿನೊಳಗೆ ತೆರಿಗೆ ಇಲಾಖೆಗೆ ಹಾಕಬೇಕು. ತಡವಾದರೆ ದಿನಕ್ಕೆ ₹200. ಅದಾದ ಮೇಲೆಯೇ ಕೊಟ್ಟವರಿಗೆ 10ಬಿಇ ಸರ್ಟಿಫಿಕೇಟ್ ಸಿಗುವುದು. ಪ್ಯಾನ್ ನಂಬರ್ ಬೇಕು. ರಸೀದಿ ಕೊಡುವಾಗಲೇ ಕೇಳಿಕೊಳ್ಳಬೇಕಿತ್ತು, 140 ಜನರದ್ದು ಕೇಳಿರಲಿಲ್ಲ. ಫೋನ್ ಮಾಡಿ "ನಿಮ್ಮ ಪ್ಯಾನ್ ನಂಬರ್ ಹೇಳ್ತೀರಾ" ಎಂದರೆ ಯಾರು ಹೇಳುತ್ತಾರೆ? ಏಳು ಜನ ಫೋನ್ ಇಟ್ಟರು. ಒಬ್ಬರು ಪೊಲೀಸರಿಗೆ ಹಿಡಿದುಕೊಡುತ್ತೇನೆ ಎಂದರು, ಅವರು ನನಗೇ ಪಾಠ ಮಾಡಿದ ಮೇಷ್ಟ್ರು. "ಸಾರ್, ನಾನು, ಮೂರನೇ ಬೆಂಚು" ಎಂದು ಗುರುತು ಹೇಳಿ ನಂಬಿಸಬೇಕಾಯಿತು. ಮೇ 30ರ ರಾತ್ರಿ ಹನ್ನೊಂದಕ್ಕೆ ಫೈಲು ಏರಿಸಿದೆ.

ಜೂನ್‌ನಲ್ಲಿ ಮತ್ತೆ ಬೆಂಗಳೂರಿಗೆ ಹೋದೆ. ಅದೇ ದರ್ಶಿನಿ, ಹನ್ನೊಂದರ ಹೊತ್ತು, ಗಲ್ಲಾದ ಪಕ್ಕದ ಟೇಬಲ್ಲು. ಹನ್ನೊಂದು ತಿಂಗಳ ಕಾಗದಗಳನ್ನೂ ಅವರು ಓದಿದ್ದರು. ಅನ್ನ ಮುದ್ದೆಯಾದದ್ದಕ್ಕೆ ಇನ್ನೊಮ್ಮೆ ಬೈದರು. ಕಾಫಿ ಬಂತು.

"ಸಾರ್, ಈ ವರ್ಷ ನಿಮ್ಮಿಂದ ಒಂದೂವರೆ ಲಕ್ಷ ಆಗಬೇಕು" ಎಂದೆ.

ಅವರು ಸುಮ್ಮನಾದರು. ನಾನು ಕಾಫಿ ಲೋಟವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹುಡುಗನೊಬ್ಬ ಬಂದು ಪಕ್ಕದ ಟೇಬಲ್ ಒರೆಸಿ ಹೋದ. ಹೊರಗೆ ಬಸ್ಸೊಂದು ಹಾರ್ನ್ ಮಾಡಿತು. ಒಳಗೆ ಯಾರೋ "ಎರಡು ಖಾಲಿ, ಒಂದು ಸೆಟ್" ಎಂದು ಕೂಗಿದರು. ಅವರು ನನ್ನನ್ನೇ ನೋಡುತ್ತಿದ್ದರು, ಮೀಸೆಯ ಕೆಳಗೆ ಸಣ್ಣ ನಗು. ನಾನು ಇಳಿಸುತ್ತೇನೆಯೇ ಎಂದು ಕಾಯುತ್ತಿದ್ದರು ಅಂತ ಕಾಣುತ್ತದೆ. ಕಾಫಿಯ ಮೇಲೆ ಕೆನೆ ಕಟ್ಟಿತು.

"ಎರಡು ಕಂತಲ್ಲಿ ಕೊಡ್ಲಾ?" ಎಂದರು.

"ಕೊಡಿ ಸಾರ್. ಪ್ಯಾನ್ ನಂಬರ್ ನನ್ನ ಹತ್ರ ಇದೆ."